ರಾಯಭಾರಿಯ ಪತ್ನಿಯ ಪತ್ರಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡಿಗರ ಮನೆಮನೆಯ ಮಾತು. ಆದರೆ ದೇಶ ಸುತ್ತುವವರಲ್ಲಿಯೂ ಎರಡು ತೆರನಾದವರುಂಟು. ಕಾರ್ಯವೊಂದರ ಹೊಣೆ ಹೊತ್ತು ಹೋಗುವವರು ಕೆಲವರು. ಅಂಥವರ ಜೊತೆಯಲ್ಲಿ, ತಮ್ಮದೆಂಬ ಕಾರ್ಯವೇನೂ ಇಲ್ಲದೆ, ಸಂಗಾತಿಯಾಗಿ ಹೋಗುವವರು ಕೆಲವರು. ಮೊದಲನೆಯವರು ಮರಳಿ ಬಂದಾಗ ಅವರ ವರದಿಯನ್ನು ಲೋಕವು ಆದರದಿಂದ ಕೇಳುತ್ತದೆ. ಎರಡನೆಯವರನ್ನು ಏನೇನು ನೋಡಿ ಬಂದಿರಿ ಎಂದು ಉಪಚಾರಕ್ಕಾಗಿ ವಿಚಾರಿಸಿ, ಉತ್ತರ ಮುಗಿಯುವ ಮೊದಲೇ ಬೇರೆ ಮಾತಿಗೆ ತೊಡಗುತ್ತದೆ. ಈ ಎರಡನೆಯ ವರ್ಗಕ್ಕೆ ಸೇರಿದವರು ಬಹುಮಟ್ಟಿಗೆ ಹೆಂಡಂದಿರು. ಗಂಡನ ವ್ಯವಹಾರ ಮುಗಿಯುವ ತನಕ ಊರು ನೋಡಿ ಹೊತ್ತು ಕಳೆದವರು ಎಂಬ ಭಾವನೆಯೇ ಅವರ ವಿಷಯದಲ್ಲಿ ರೂಢವಾಗಿದೆ. ಈ ಭಾವನೆ ಎಷ್ಟರ ಮಟ್ಟಿಗೆ ನ್ಯಾಯವಾದುದೆಂದು ಪರೀಕ್ಷಿಸಬಯಸುವವರಿಗೆ ಆಂಗ್ಲ ಸಾಹಿತ್ಯದಲ್ಲಿ ಒಂದು ಒಳ್ಳೆಯ ಒರೆಗಲ್ಲಿದೆ. ಅದು ಲೇಡಿ ಮೇರಿ ವರ್ಟ್ಲಿ ಮಾಂಟೆಗು ಎಂಬಾಕೆಯ ತುರ್ಕಿಯ ಪ್ರವಾಸಕ್ಕೆ ಸಂಬಂಧಿಸಿದ 52 ಪತ್ರಗಳ ಸಂಗ್ರಹ.

ಗ್ರಂಥದ ಗುಣದೋಷಗಳನ್ನು ವಿವೇಚಿಸುವ ಮುನ್ನ ಅದು ಹುಟ್ಟಿದ ಸಂದರ್ಭವನ್ನು ತಿಳಿಯತಕ್ಕದ್ದು. ಮೇರಿ ಜನಿಸಿದ್ದು 1689ರಲ್ಲಿ, ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನದಲ್ಲಿ. ತಂದೆ ಗೊತ್ತುಮಾಡಿದ ವರನನ್ನು ಒಲ್ಲದೆ 1712ರಲ್ಲಿ ಮನೆ ಬಿಟ್ಟು ಹೊರಟು ಎಡ್ವರ್ಡ್ ವರ್ಟ್ಲಿ ಮಾಂಟೆಗುವನ್ನು ವಿವಾಹವಾದಳು. ಮರುವರ್ಷ ಆಕೆಯ ತಮ್ಮನು ಸಿಡುಬಿಗೆ ತುತ್ತಾದನು. 1715ರ ಕೊನೆಯಲ್ಲಿ ಅದೇ ರೋಗವು ಆಕೆಯನ್ನೂ ಹಿಡಿದು, ಪ್ರಾಣವನ್ನು ಉಳಿಸಿ ರೂಪವನ್ನು ಒಯ್ದಿತು; ಕಣ್ಣೆವೆಯ ಕೂದಲು ಮತ್ತೆ ಬೆಳೆಯಲೇ ಇಲ್ಲ. ಮುಖದ ಕಲೆಗಳಿನ್ನೂ ಹೊಸದಾಗಿರುವಾಗಲೇ, 1716ರಲ್ಲಿ, ಪತಿಗೆ ತುರ್ಕಿಯ ಸುಲ್ತಾನನ ಆಸ್ಥಾನದಲ್ಲಿ ಬ್ರಿಟಿಷ್ ರಾಯಭಾರಿಯ ಪದವಿ ದೊರೆಯಿತು. ಈ ರಾಯಭಾರಕ್ಕೆ ಒಂದು ವೈಶಿಷ್ಟ್ಯವಿತ್ತು. ರಾಯಭಾರಿಯು ದೊರೆಯ ಪ್ರತಿನಿಧಿಯೇ ಆಗಿದ್ದರೂ ಅವನಿಗೆ ಸಂಬಳ ಕೊಡುತ್ತಿದ್ದುದು ಲೆವಾಂಟ್ ಕಂಪೆನಿ ಎಂಬ ವರ್ತಕರ ಸಂಘ. ಆದುದರಿಂದ ಒಂದು ಕಡೆ ರಾಜಕಾರ್ಯ, ಇನ್ನೊಂದು ಕಡೆ ವಣಿಗ್ವ್ಯಾಪಾರ, ಇವೆರಡರ ಹೊಣೆಯೂ ಮಾಂಟೆಗುವಿನ ಮೇಲಿತ್ತು. ಅಂಥ ಪದವೀಧರರ ಹೆಂಡಂದಿರು ಊರಿನಲ್ಲಿಯೇ ಉಳಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮೇರಿ ಮೂರು ವರ್ಷದ ಮಗನನ್ನು ಕರೆದುಕೊಂಡು ಗಂಡನ ಜೊತೆ ಹೊರಟಳು.

ಆಗಸ್ಟಿನಲ್ಲಿ ಹಡಗು ಹತ್ತಿದ ದಂಪತಿಗಳು ರಾಟರ್‌ಡ್ಯಾಮ್, ಕಲೋನ್, ನ್ಯೂರೆಂಬರ್ಗ್ ನಗರಗಳ ಮೂಲಕ ವಿಯೆನ್ನಾ ಸೇರಿದರು. 1717ರ ಜನವರಿಯಲ್ಲಿ, ಹಿಮ ಬಿದ್ದ ದಾರಿಯಲ್ಲಿ ಹಂಗೆರಿಯನ್ನು ದಾಟಿ, ಬೆಲ್‌ಗ್ರೇಡಿನಲ್ಲಿ ಕೆಲವು ವಾರ ತಡೆದು, ಸೋಫಿಯಾದ ಮೇಲೆ ಆಡ್ರಿಯಾನೋಪಲ್ಲಿಗೆ ಬಂದರು. ಇಂದು ಎದಿರ್ನೆ ಎಂದು ಹೆಸರಾಗಿರುವ ಆ ಊರಿನಲ್ಲಿ ಆಗ ಸುಲ್ತಾನ್ ಮೂರನೆಯ ಅಹ್ಮದನ ಆಸ್ಥಾನವಿತ್ತು. ಅಲ್ಲಿಂದ ಕಾನ್‌ಸ್ಟಾಂಟಿನೋಪಲ್ಲಿಗೆ, ಎಂದರೆ ಇಂದಿನ ಇಸ್ತಾಂಬುಲ್ಲಿಗೆ, ಹೋಗಿ 1718ರ ಜುಲೈವರೆಗೆ ನೆಲೆಸಿದರು. ಮರಳುವ ದಾರಿ ಸಮುದ್ರದ್ದು: ಟ್ರಾಯ್ ಪಟ್ಟಣವಿತ್ತೆಂದು ಹೇಳುವ ತೀರ, ಟ್ಯೂನಿಸ್, ಜಿನೋವಾ, ಬಳಿಕ ನೆಲದ ಮೇಲೆ ಪ್ಯಾರಿಸ್, ಲಂಡನ್.

ಈಗ ಪತಿಯ ಕಾರ್ಯ ಏನಾಯಿತೆಂಬುದನ್ನು ನೋಡಬೇಕು. ಆಸ್ಟ್ರಿಯಕ್ಕೂ ತುರ್ಕಿಗೂ ನಡೆಯುತ್ತಿದ್ದ ಯುದ್ಧವನ್ನು ನಿಲ್ಲಿಸಿ ಸಂಧಿ ಮಾಡಿಸುವುದು ಆತನ ಮುಖ್ಯ ಕರ್ತವ್ಯ. ಆದರೆ ಆತನ ಮಧ್ಯಸ್ಥಿಕೆ ಫಲಿಸಲಿಲ್ಲ. 1717ರ ಆಗಸ್ಟಿನಲ್ಲಿ ಆಸ್ಟ್ರಿಯದ ಸೇನಾಪತಿ ಯೂಜೀನನು ಬೆಲ್‌ಗ್ರೇಡನ್ನು ಗೆದ್ದುಕೊಂಡನು. ಅದೇ ವರ್ಷ ಮಾಂಟೆಗುವನ್ನು ಹಿಂದಕ್ಕೆ ಕರೆಸಿಕೊಳ್ಳುವ ಆಜ್ಞೆ ಹೊರಟಿತು. 1718ರ ಜುಲೈಯಲ್ಲಿ ಪಸರೋವಿಟ್ಸಿನಲ್ಲಿ ಸಂಧಿಯಾದಾಗ ಬ್ರಿಟನ್ನಿನ ಪರವಾಗಿ ಮಧ್ಯಸ್ಥನಾಗಿದ್ದವನು ರಾಬರ್ಟ್ ಸಟನ್. ಹೀಗೆ, ಕಾರ್ಯಕ್ಕಾಗಿ ಹೋದವನ ಕಾರ್ಯ ಕೆಟ್ಟಿತು. ಆತನ ಹೆಸರನ್ನು ಇಂದು ಉಳಿಸಿರುವುದು, ಕಾರ್ಯವಿಲ್ಲದೆ ಹೋದವಳ ಲೇಖನಿ. ಇದನ್ನು ಕೇವಲ ವಿಧಿಯ ವಿನೋದವೆಂದು ಬಗೆದರೆ ಗ್ರಂಥದ ಮರ್ಮ ತಿಳಿಯುವುದಿಲ್ಲ. ರಾಯಭಾರಿಯು ಏನನ್ನು ನೋಡಬೇಕೆಂಬುದು ಆತ ಊರು ಬಿಡುವ ಮುನ್ನವೇ ನಿರ್ಣಯವಾಗಿತ್ತು. ಪತ್ನಿಗೆ ಅಂಥ ಕಟ್ಟುಪಾಡು ಇರಲಿಲ್ಲ. ಆಕೆಯ ವರದಿಗಾಗಿ ಯಾವ ಮಂತ್ರಿಯೂ ಕಾದಿರಲಿಲ್ಲ. ಆದುದರಿಂದ ಕಂಡದ್ದನ್ನು ಕಂಡಂತೆ ನೋಡುವ ಬಿಡುವು ಆಕೆಗಿತ್ತು.

ಈ ಬಿಡುವಿನ ಫಲವನ್ನು ಸೋಫಿಯಾದ ಸ್ನಾನಗೃಹವನ್ನು ವರ್ಣಿಸುವ ಪತ್ರದಲ್ಲಿ ಕಾಣಬಹುದು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಆ ಊರಿನಲ್ಲಿ ಗುಮ್ಮಟದ ಕೆಳಗೆ, ಅಮೃತಶಿಲೆಯ ಜಗಲಿಗಳ ಮೇಲೆ, ಸುಮಾರು 200 ಮಂದಿ ಸ್ತ್ರೀಯರು ಕಲೆತಿದ್ದರು. ಮಾತು, ಕಾಫಿ, ಷರಬತ್ತು, ದಾಸಿಯರಿಂದ ಕೂದಲು ಹೆಣೆಸಿಕೊಳ್ಳುವುದು, ಇವುಗಳಲ್ಲಿ ಹೊತ್ತು ಹೋಗುತ್ತಿತ್ತು. ಕುದುರೆ ಸವಾರಿಯ ಉಡುಪಿನಲ್ಲಿ ಒಳಹೊಕ್ಕ ಪರದೇಶದ ಹೆಂಗಸನ್ನು ಕಂಡು ಯಾರೂ ನಗಲಿಲ್ಲ, ಪಿಸುಮಾತಾಡಲಿಲ್ಲ. ಎಲ್ಲರೂ ಸೌಜನ್ಯದಿಂದ ಬರಮಾಡಿಕೊಂಡರು. ಉಡುಪು ತೆಗೆದಿಟ್ಟು ಸ್ನಾನಕ್ಕೆ ಬರಬೇಕೆಂದು ಅವರು ಒತ್ತಾಯಿಸಿದಾಗ ಆಕೆ ಅಂಗಿಯ ಗುಂಡಿ ಬಿಚ್ಚಿ ಒಳಗಿನ ಬಿಗಿಯಾದ ಕುಪ್ಪಸವನ್ನು ತೋರಿಸಿದಳು. ಐರೋಪ್ಯ ಹೆಂಗಸರು ನಡುವನ್ನು ಸಣ್ಣದಾಗಿ ಕಾಣಿಸಲು ತೊಡುತ್ತಿದ್ದ ಆ ಕಟ್ಟನ್ನು ನೋಡಿ ಅವರು ಮರುಮಾತಿಲ್ಲದೆ ಸುಮ್ಮನಾದರು. ಇದೊಂದು ಯಂತ್ರ, ಇದರೊಳಗೆ ಈಕೆಯನ್ನು ಗಂಡನು ಬೀಗ ಹಾಕಿ ಇಟ್ಟಿದ್ದಾನೆ, ಬಿಚ್ಚುವುದು ಈಕೆಯ ಕೈಯಲ್ಲಿಲ್ಲ ಎಂದು ಅವರು ತಿಳಿದುಕೊಂಡರಂತೆ.

ಈ ಪ್ರಸಂಗವು ಓದುಗರನ್ನು ನಗಿಸುತ್ತದೆ. ನಕ್ಕ ಮೇಲೆ ವಿಚಾರಕ್ಕೆ ಹಚ್ಚುತ್ತದೆ. ತುರ್ಕಿಯ ಹೆಂಗಸರು ಸೆರೆಯಲ್ಲಿರುವವರೆಂದು ಇಂಗ್ಲೆಂಡಿನವರು ಮರುಗುತ್ತಿದ್ದರು. ಆ ಸೆರೆಯವರೇ ಇಂಗ್ಲೆಂಡಿನ ಹೆಂಗಸನ್ನು ಕಂಡು, ಪಾಪ, ಸೆರೆಯಲ್ಲಿದ್ದಾಳೆ ಎಂದು ಮರುಗಿದರು. ಪರದೇಶಕ್ಕೆ ಹೋದವರು ಅಲ್ಲಿಯವರನ್ನು ನೋಡುವುದು ಸಾಮಾನ್ಯ. ಅಲ್ಲಿಯವರ ಕಣ್ಣಿನಲ್ಲಿ ತಮ್ಮ ರೂಪವನ್ನು ನೋಡಿ ಅದನ್ನು ಮುಚ್ಚಿಡದೆ ಬರೆಯುವುದು ಅಪೂರ್ವ. ಮೇರಿಯ ಗ್ರಂಥಕ್ಕೆ ಬೆಲೆ ಬಂದಿರುವುದು ಈ ಒಂದು ಗುಣದಿಂದ.

ಆಕೆಗಿಂತ ಮೊದಲೂ ಅನೇಕ ಐರೋಪ್ಯ ಪುರುಷರು ತುರ್ಕಿಯನ್ನು ಕುರಿತು ಬರೆದಿದ್ದರು. ಅವರಲ್ಲಿ ಕೆಲವರು ಅಂತಃಪುರಗಳನ್ನೂ ಸ್ನಾನಗೃಹಗಳನ್ನೂ ಸವಿಸ್ತಾರವಾಗಿ ವರ್ಣಿಸಿದ್ದರು. ಪುರುಷನಿಗೆ, ಅದರಲ್ಲಿಯೂ ಪರದೇಶದ ಪುರುಷನಿಗೆ, ಆ ಬಾಗಿಲುಗಳು ತೆರೆಯುವ ಮಾತೇ ಇರಲಿಲ್ಲವಾದುದರಿಂದ ಆ ವರ್ಣನೆಗಳೆಲ್ಲ ಕಲ್ಪನೆಯವು. ಮೇರಿ ಇದನ್ನು ಪದೇ ಪದೇ ಎತ್ತಿ ಆಡಿ ಹಾಸ್ಯಮಾಡುತ್ತಾಳೆ. ತಾನೇ ಹಿಂದಿನ ಸುಲ್ತಾನ್ ಮುಸ್ತಫನ ವಿಧವೆಯನ್ನು ಕಂಡು ಮಾತಾಡಿದವಳು. ಉನ್ನತ ಅಧಿಕಾರಿಯೊಬ್ಬನ ಪತ್ನಿಯಾದ ಫಾತಿಮಾ ಎಂಬಾಕೆಯ ಮನೆಗೆ ಹೋಗಿ ಸ್ನೇಹ ಬೆಳೆಸಿದವಳು. ತುರ್ಕಿಯ ಭಾಷೆಯನ್ನು ಕಲಿಯಲು ತೊಡಗಿದವಳು. ತುರ್ಕಿಯ ಉಡುಪು ತೊಟ್ಟು, ಮುಸುಕು ಹಾಕಿಕೊಂಡು, ಪೇಟೆಯನ್ನೂ ಮಸೀದಿಗಳನ್ನೂ ಕಣ್ತುಂಬ ನೋಡಿದವಳು. ಆ ಮುಸುಕನ್ನು ಕುರಿತು ಆಕೆ ಹೇಳುವುದು ವಿಚಿತ್ರವಾಗಿದೆ: ಮುಸುಕಿನೊಳಗಿರುವ ಹೆಂಡತಿಯನ್ನು ಬೀದಿಯಲ್ಲಿ ಗಂಡನೂ ಗುರುತಿಸಲಾರನು, ಆದುದರಿಂದ ಆ ರಾಜ್ಯದಲ್ಲಿ ಸ್ವತಂತ್ರರೆಂದರೆ ಹೆಂಗಸರೇ. ಶ್ರೀಮಂತರ ಮನೆಯ ಸ್ತ್ರೀಗೆ ಸ್ವಂತ ಆಸ್ತಿ ಇರುತ್ತದೆ, ಗಂಡನಿಂದ ಬೇರ್ಪಟ್ಟರೆ ಅದು ಆಕೆಯ ಜೊತೆಯಲ್ಲಿಯೇ ಹೋಗುತ್ತದೆ ಎಂಬ ಕಾರಣವನ್ನೂ ಸೇರಿಸುತ್ತಾಳೆ.

ಈ ಮಾತನ್ನು ಅಕ್ಷರಶಃ ನಂಬುವುದೂ ತಪ್ಪು, ಚಮತ್ಕಾರವೆಂದು ತಳ್ಳುವುದೂ ತಪ್ಪು. ಬಾಣದ ಗುರಿ ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ವಿವಾಹಿತ ಸ್ತ್ರೀಯು ತನ್ನ ಆಸ್ತಿಯನ್ನು ತನ್ನದೆಂದು ಸ್ವತಂತ್ರವಾಗಿ ಅನುಭವಿಸಲು 1882ರ ಶಾಸನದವರೆಗೆ ಕಾಯಬೇಕಾಯಿತು. ಪರರ ಮನೆಯ ದೀಪದಿಂದ ತನ್ನ ಮನೆಯ ಕತ್ತಲೆಯನ್ನು ತೋರಿಸುವ ಈ ಕ್ರಮ ಪ್ರವಾಸಸಾಹಿತ್ಯದ ಉತ್ತಮ ಪ್ರಯೋಜನಗಳಲ್ಲೊಂದು.

ಸಾಹಿತ್ಯಾಭಿರುಚಿಯುಳ್ಳವರು ಮೆಚ್ಚತಕ್ಕ ಭಾಗ ಬೇರೊಂದಿದೆ. ಬೆಲ್‌ಗ್ರೇಡಿನಲ್ಲಿ ಅಹ್ಮದ್ ಬೇ ಎಂಬ ವಿದ್ವಾಂಸನ ಮನೆಯಲ್ಲಿ ಇಳಿದುಕೊಂಡಿದ್ದಾಗ ಆತನು ಆಕೆಗೆ ಅರಬ್ಬೀ ಕಾವ್ಯದ ಸ್ವಾರಸ್ಯವನ್ನು ವಿವರಿಸಿದನು. ಮುಂದೆ ಆಡ್ರಿಯಾನೋಪಲ್ಲಿನಿಂದ ಕವಿ ಅಲೆಕ್ಸಾಂಡರ್ ಪೋಪನಿಗೆ ಬರೆದ ಪತ್ರದಲ್ಲಿ, ಇಬ್ರಾಹಿಂ ಪಾಷಾ ತನಗೆ ನಿಶ್ಚಯಿಸಿದ್ದ ಸುಲ್ತಾನನ ಮಗಳನ್ನು ಕುರಿತು ರಚಿಸಿದ ಪದ್ಯಗಳನ್ನು ಕಳುಹಿಸಿದಳು. ಇಲ್ಲಿ ಆಕೆ ಅನುಸರಿಸಿದ ಮಾರ್ಗ ಅನುವಾದಕರೆಲ್ಲರೂ ಗಮನಿಸತಕ್ಕದ್ದು. ಮೊದಲು ಪದಕ್ಕೆ ಪದ ಇಟ್ಟು ಮಾಡಿದ ಅನುವಾದ. ಬಳಿಕ ಅದನ್ನೇ ಇಂಗ್ಲಿಷ್ ಛಂದಸ್ಸಿಗೂ ರುಚಿಗೂ ಹೊಂದಿಸಿದ ಅನುವಾದ. ಎರಡನ್ನೂ ಪಕ್ಕದಲ್ಲಿಟ್ಟು, ಅಂದವಾಗಿಸುವಾಗ ಏನು ಕಳೆಯಿತೆಂಬುದನ್ನು ಓದುಗನೇ ಕಾಣುವಂತೆ ಮಾಡಿದ್ದಾಳೆ. ಅನ್ಯಭಾಷೆಯ ಕಾವ್ಯವನ್ನು ಕನ್ನಡಕ್ಕೆ ತರುವವರಿಗೆ ಈ ಪ್ರಾಮಾಣಿಕತೆ ಇಂದಿಗೂ ಬೇಕಾದುದು.

ಸೊಗಸಾದುದನ್ನು ಮಾತ್ರ ನೋಡಿದಳೆಂಬ ಆಕ್ಷೇಪವೂ ಪೂರ್ಣವಾಗಿ ನಿಲ್ಲುವುದಿಲ್ಲ. ಹಿಂದಿನ ವರ್ಷ ಯುದ್ಧ ನಡೆದಿದ್ದ ಬಯಲನ್ನು ದಾಟುವಾಗ ಹೂಳದೆ ಬಿಟ್ಟ ಮನುಷ್ಯರ ತಲೆಬುರುಡೆಗಳನ್ನೂ ಕುದುರೆ ಒಂಟೆಗಳ ಹೆಣಗಳನ್ನೂ ಕಂಡು, ಯುದ್ಧವನ್ನು ವೀರತ್ವವೆಂದು ಹೊಗಳುವ ಮನುಷ್ಯನ ಬುದ್ಧಿಯನ್ನು ಹಳಿಯುತ್ತಾಳೆ. ತಮ್ಮ ಕಾವಲಿಗೆ ಬಂದ ಜಾನಿಸರಿ ಸೈನಿಕರು ದಾರಿಯ ಬಡ ರೈತರ ಕುರಿ ಕೋಳಿಗಳನ್ನು ಬೆಲೆ ಕೊಡದೆ ಎಳೆದುಕೊಳ್ಳುತ್ತಿದ್ದುದನ್ನು ಕಂಡು ಕಣ್ಣೀರಿಟ್ಟುದಾಗಿ ಬರೆಯುತ್ತಾಳೆ. ಪಾಷಾಗಳು ಪ್ರಯಾಣ ಹೊರಟಾಗ ರೈತನ ಮನೆಯದನ್ನೆಲ್ಲ ತಿಂದು ಮುಗಿಸಿ, ತಿನ್ನುವಾಗ ತಮ್ಮ ಹಲ್ಲು ಸವೆದುದಕ್ಕಾಗಿ ಹಲ್ಲಿನ ಹಣವೆಂಬ ಕಾಣಿಕೆಯನ್ನೂ ಅವನಿಂದಲೇ ವಸೂಲು ಮಾಡುತ್ತಿದ್ದರೆಂಬ ಸಂಗತಿಯನ್ನು ಆಕೆಯಿಂದಲೇ ತಿಳಿಯಬೇಕು. ಅಧಿಕಾರದ ನಿರ್ಲಜ್ಜತೆಯನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹಿಡಿದಿಟ್ಟ ಉದಾಹರಣೆಗಳು ವಿರಳ.

ಇನ್ನು ದೋಷಗಳ ವಿಚಾರ. ಪ್ರಥಮತಃ, ಈ ಪತ್ರಗಳು ನಿಜವಾಗಿಯೂ ಅಂಚೆಗೆ ಹಾಕಿದ ಪತ್ರಗಳಲ್ಲ. ಪ್ರವಾಸದಲ್ಲಿ ಬರೆದ ಪತ್ರಗಳನ್ನೂ ದಿನಚರಿಯನ್ನೂ ಆಧರಿಸಿ, ಮರಳಿದ ಬಳಿಕ ಕೂಡಿಸಿ, ಕಳೆದು, ತಿದ್ದಿ ಸಿದ್ಧಮಾಡಿದ ಸಾಹಿತ್ಯಕೃತಿ ಇದು. ಆಡ್ರಿಯಾನೋಪಲ್ಲಿನ ಅನೇಕ ದೀರ್ಘ ಪತ್ರಗಳು 1717ರ ಏಪ್ರಿಲ್ 1 ಎಂಬ ಒಂದೇ ದಿನಾಂಕವನ್ನು ಹೊತ್ತಿವೆ. ಒಂದು ದಿನದಲ್ಲಿ ಅಷ್ಟನ್ನು ಬರೆಯುವುದು ಯಾರಿಂದಲೂ ಸಾಧ್ಯವಿಲ್ಲ. ಹಾಗೆಂದು ಇದನ್ನು ಸುಳ್ಳೆನ್ನುವುದು ಸಲ್ಲದು. ಕಂಡದ್ದನ್ನು ಕ್ರಮಪಡಿಸುವ ಹಕ್ಕು ಲೇಖಕರಿಗೆಲ್ಲ ಉಂಟು. ಆದರೆ ಇದನ್ನು ಚರಿತ್ರೆಯ ದಾಖಲೆಯೆಂದು ಹಿಡಿಯುವವರು ಎಚ್ಚರದಿಂದಿರಬೇಕು. ದ್ವಿತೀಯತಃ, ಆಕೆಯ ದೃಷ್ಟಿ ಶ್ರೀಮಂತರ ಮನೆಯ ಹೊಸ್ತಿಲಲ್ಲಿ ಮೋಹಗೊಳ್ಳುತ್ತದೆ. ಫಾತಿಮಾಳ ರೂಪವನ್ನು ಬಣ್ಣಿಸುವಾಗ ಲೇಖನಿಗೆ ಕಡಿವಾಣವಿಲ್ಲ. ತುರ್ಕಿಯ ಹೆಂಗಸರ ಸ್ವಾತಂತ್ರ್ಯದ ಮಾತಾಡುವಾಗ ಆ ಸ್ನಾನಗೃಹದಲ್ಲಿ ಕೂದಲು ಹೆಣೆಯುತ್ತಿದ್ದ ದಾಸಿಯರ ಸ್ವಾತಂತ್ರ್ಯವನ್ನು ಆಕೆ ವಿಚಾರಿಸಲಿಲ್ಲ. ತುರ್ಕಿಯ ಗುಲಾಮರ ಸ್ಥಿತಿ ಬೇರೆಡೆಯ ಆಳುಗಳ ಸ್ಥಿತಿಗಿಂತ ಕೆಟ್ಟುದಲ್ಲವೆಂದು ಸಮರ್ಥಿಸಿಯೂ ಇದ್ದಾಳೆ. ಈ ಸಮರ್ಥನೆಯನ್ನು ಯಾವ ವಿಮರ್ಶಕನೂ ಕ್ಷಮಿಸಲಾರನು. ರಾಯಭಾರಿಯ ಪತ್ನಿಯೆಂಬ ಕಾರಣದಿಂದಲೇ ಆಕೆಗೆ ಆ ಬಾಗಿಲುಗಳು ತೆರೆದುವು. ತೆರೆದ ಕೈಗಳ ಮೇಲೆ ಋಣಭಾವ ಮೂಡುವುದು ಸಹಜ. ಪತಿಯ ಪದವಿಯ ಬಂಧನ ಆಕೆಗಿರಲಿಲ್ಲವೆಂಬುದು ನಿಜ. ಆ ಪದವಿಯ ನೆರಳು ಬೀಳಲಿಲ್ಲವೆಂಬುದು ನಿಜವಲ್ಲ.

ಈ ದೋಷಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟರೂ ಇನ್ನೊಂದು ತಟ್ಟೆಯನ್ನು ಕೆಳಗಿಳಿಸುವ ಒಂದು ಪತ್ರವಿದೆ. ಅದು ಸಾರಾ ಚಿಸ್ವೆಲ್ ಎಂಬ ಗೆಳತಿಗೆ ಬರೆದುದು, ವಿಷಯ ಸಿಡುಬು. ಸೆಪ್ಟೆಂಬರಿನಲ್ಲಿ, ಸೆಖೆ ತಗ್ಗಿದ ಮೇಲೆ, ತುರ್ಕಿಯ ಮನೆಗಳಿಗೆ ಮುದುಕಿಯೊಬ್ಬಳು ಬರುತ್ತಾಳೆ. ಸೌಮ್ಯವಾದ ಸಿಡುಬಿನ ಕೀವು ಆಕ್ರೋಟಿನ ಚಿಪ್ಪಿನಲ್ಲಿರುತ್ತದೆ. ಸೂಜಿಯಿಂದ ನರವನ್ನು ಗೀರಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಕೀವನ್ನು ಸೇರಿಸಿ ಕಟ್ಟುತ್ತಾಳೆ. ಎಂಟನೆಯ ದಿನ ಜ್ವರ. ಎರಡು ಮೂರು ದಿನದ ಹಾಸಿಗೆ. ಮುಖದ ಮೇಲೆ ಇಪ್ಪತ್ತು ಮೂವತ್ತು ಗುಳ್ಳೆ, ಕಲೆ ಉಳಿಯುವುದಿಲ್ಲ. ಮತ್ತೆ ಎಂಟು ದಿನದಲ್ಲಿ ಮಕ್ಕಳು ಮೊದಲಿನಂತೆ ಆಡುತ್ತಾರೆ. ಈ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ಯುವೆನೆಂದು ಆಕೆ ಆ ಪತ್ರದಲ್ಲಿಯೇ ನಿಶ್ಚಯಿಸುತ್ತಾಳೆ.

ಗಮನಿಸತಕ್ಕ ವಿಷಯವೇನೆಂದರೆ, ಇದೇ ಪದ್ಧತಿಯನ್ನು ಕುರಿತು ಟಿಮೋನಿ ಎಂಬ ವೈದ್ಯನ ಲೇಖನವು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1714ರಲ್ಲಿಯೂ, ಪಿಲರಿನಿ ಎಂಬಾತನ ಲೇಖನವು 1716ರಲ್ಲಿಯೂ ಪ್ರಕಟವಾಗಿದ್ದವು. ವಿದ್ವಾಂಸರು ಓದಿದರು, ಸ್ವಾರಸ್ಯವಾಗಿದೆಯೆಂದರು, ಮುಚ್ಚಿಟ್ಟರು. ಮುಖದ ಮೇಲೆ ರೋಗದ ಗುರುತು ಹೊತ್ತ ತಾಯಿಗೆ ಅದು ಸ್ವಾರಸ್ಯದ ವಿಷಯವಾಗಿರಲಿಲ್ಲ. 1718ರ ಮಾರ್ಚಿನಲ್ಲಿ ಪತಿ ಮನೆಯಲ್ಲಿಲ್ಲದಾಗ, ರಾಯಭಾರದ ವೈದ್ಯ ಚಾರ್ಲ್ಸ್ ಮೇಟ್‌ಲಂಡನ ಎದುರಿನಲ್ಲಿ, ಗ್ರೀಕ್ ಮುದುಕಿಯೊಬ್ಬಳ ಕೈಯಿಂದ ತನ್ನ ಮಗನಿಗೆ ಆ ಪ್ರಯೋಗವನ್ನು ಮಾಡಿಸಿದಳು. ಹುಡುಗನು ಹಾಡಿಕೊಂಡು ಆಡುತ್ತಿದ್ದಾನೆಂದು ಪತಿಗೆ ಬರೆದ ಕಾಗದ ಈ 52ರಲ್ಲಿ ಸೇರಿಲ್ಲ. ಅದರಲ್ಲಿ ಅಲಂಕಾರವೂ ಇಲ್ಲ. ಆಗ ತಾನೇ ಹುಟ್ಟಿದ್ದ ಮಗಳಿಗೆ ಮಾಡಿಸಲಾಗದು, ದಾದಿಗೆ ಇನ್ನೂ ಸಿಡುಬು ಬಂದಿಲ್ಲ ಎಂಬ ವಿವೇಕವೂ ಅದರಲ್ಲಿದೆ. 1721ರಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿದಾಗ ಅದೇ ಮಗಳಿಗೆ ಮೇಟ್‌ಲಂಡನಿಂದ ಮಾಡಿಸಿದಳು. ಮರುವರ್ಷ ಯುವರಾಣಿ ಕ್ಯಾರೊಲಿನಳ ಹೆಣ್ಣುಮಕ್ಕಳಿಗೂ ಆಯಿತು. ಅಪಾಯವಿಲ್ಲದ ಪದ್ಧತಿ ಅದಾಗಿರಲಿಲ್ಲ. ಅದರಿಂದ ಕೆಲವರು ಸತ್ತರು, ಕೆಲವೊಮ್ಮೆ ರೋಗ ಇತರರಿಗೂ ಹರಡಿತು. 1796ರಲ್ಲಿ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನಿಂದ ಸುರಕ್ಷಿತ ಮಾರ್ಗವನ್ನು ತೋರಿಸಿದ ಮೇಲೆ ಅದು ಹಿಂದೆ ಸರಿಯಿತು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮೈಲಿ ಹಾಕಿಸಿಕೊಂಡ ಗುರುತನ್ನು ತೋಳಿನ ಮೇಲೆ ಹೊತ್ತ ಹಿರಿಯರು ಕನ್ನಡ ನಾಡಿನ ಮನೆಗಳಲ್ಲಿ ಇಂದಿಗೂ ಇದ್ದಾರೆ. ಆ ಗುರುತಿನ ಪೂರ್ವಕಥೆಯಲ್ಲಿ, ಗಂಡನ ಜೊತೆ ಊರು ನೋಡಲು ಹೋದ ಒಬ್ಬ ಹೆಂಗಸಿಗೆ ಒಂದು ಅಧ್ಯಾಯವುಂಟು.

ಇಂಥ ಗ್ರಂಥವು ಬೆಳಕು ಕಂಡ ರೀತಿ ಖೇದಕರವಾದುದು. 1724ರಲ್ಲಿಯೇ ಹಸ್ತಪ್ರತಿಯನ್ನು ಓದಿದ ಮೇರಿ ಆಸ್ಟೆಲ್ ಎಂಬ ವಿದುಷಿ ಅದಕ್ಕೊಂದು ಮುನ್ನುಡಿ ಬರೆದು, ಪ್ರಕಟಿಸಬೇಕೆಂದು ಆಗ್ರಹಿಸಿದಳು. ಶ್ರೀಮಂತ ಮನೆತನದ ಸ್ತ್ರೀಯು ಗ್ರಂಥಕರ್ತೃವೆನಿಸುವುದು ಆ ಕಾಲಕ್ಕೆ ಮರ್ಯಾದೆಯಾಗಿರಲಿಲ್ಲ. 1761ರಲ್ಲಿ, ಮರಣಕ್ಕೆ ಕೆಲವೇ ತಿಂಗಳ ಮುಂಚೆ, ರಾಟರ್‌ಡ್ಯಾಮಿನಲ್ಲಿ ಪಾದ್ರಿಯೊಬ್ಬನ ಕೈಗೆ ಹಸ್ತಪ್ರತಿಯನ್ನು ಒಪ್ಪಿಸಿ ಹೋದಳು. ಮನೆಯವರು ಅದನ್ನು ಪಡೆದುಕೊಂಡರಾದರೂ ಅಷ್ಟರಲ್ಲಿ ನಕಲಾಗಿದ್ದ ಪ್ರತಿ 1763ರಲ್ಲಿ ಅಚ್ಚಾಗಿ ಹೊರಬಂದಿತು. ಆಕೆಯ ದಿನಚರಿಯನ್ನು ಮಾತ್ರ, ಕುಲದ ಮಾನಕ್ಕೆ ಅಂಜಿ, ಮಗಳೇ ಸುಟ್ಟುಹಾಕಿದಳು. ಓದಿದವರೂ ಎಲ್ಲರೂ ನ್ಯಾಯ ಸಲ್ಲಿಸಲಿಲ್ಲ. ಪೂರ್ವದೇಶವನ್ನು ಕಣ್ಣಾರೆ ಕಾಣದ ಫ್ರೆಂಚ್ ಚಿತ್ರಕಾರ ಆಂಗ್ರನು ಸ್ನಾನಗೃಹದ ವರ್ಣನೆಯನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡು 1862ರಲ್ಲಿ ಚಿತ್ರವನ್ನಾಗಿಸಿದನು. ಆ ಚಿತ್ರದಲ್ಲಿ ದೇಹಗಳು ಉಳಿದಿವೆ. ಪತ್ರದಲ್ಲಿದ್ದ ಸೌಜನ್ಯ, ಮಾತು, ನಗೆ, ಕುಪ್ಪಸದ ವಿಷಯವಾದ ಮರುಕ, ಇವು ಯಾವುವೂ ಇಲ್ಲ.

ಭಾರತದಲ್ಲಿಯೂ ಇಂಥ ಪರಂಪರೆ ಇಲ್ಲದಿಲ್ಲ. ಬಂಗಾಳದ ಕೃಷ್ಣಭಾಬಿನಿ ದಾಸ್ 1882ರಲ್ಲಿ ಪತಿಯೊಡನೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಜೀವನವನ್ನು ಕುರಿತು ಬಂಗಾಳಿಯಲ್ಲಿ ಬರೆದ ಗ್ರಂಥ 1885ರಲ್ಲಿ ಪ್ರಕಟವಾಯಿತು. ಢಾಕಾದ ಹರಿಪ್ರಭಾ ತಾಕೇದಾ 1912ರಲ್ಲಿ ಜಪಾನೀ ಪತಿಯೊಡನೆ ಅತ್ತೆಯ ಮನೆಗೆ ಹೋಗಿ, 1915ರಲ್ಲಿ ಆ ಪ್ರವಾಸವನ್ನು ಗ್ರಂಥವಾಗಿಸಿದಳು. ಕನ್ನಡ ನಾಡಿನಿಂದ ಇಂದು ಉದ್ಯೋಗನಿಮಿತ್ತ ಹೊರದೇಶಗಳಿಗೆ ಹೋಗುವವರು ಅಸಂಖ್ಯರು. ಅವರ ಜೊತೆಗೆ ಹೋಗುವ ಪತ್ನಿಯರೂ, ಈಚೆಗೆ ಪತ್ನಿಯ ಜೊತೆಗೆ ಹೋಗುವ ಪತಿಯರೂ ಉಂಟು. ಸಭೆಯ ಮನೆಯೊಳಗೆ ಹಗಲೆಲ್ಲ ಕುಳಿತವರು ಮೇಜನ್ನೂ ಕಾಗದಪತ್ರಗಳನ್ನೂ ನೋಡಿ ಬರುತ್ತಾರೆ. ಆ ಹೊತ್ತಿನಲ್ಲಿ ಊರಿನ ಸಂತೆಯನ್ನು, ದೇವಾಲಯವನ್ನು, ಹಾಲು ಮಾರುವವನನ್ನು, ಮಕ್ಕಳನ್ನು ಸಾಲೆಗೆ ಬಿಡಲು ಬಂದ ತಾಯಂದಿರನ್ನು ನೋಡಿದವರು ಜೊತೆಗೆ ಹೋದವರು. ಅವರು ಮರಳಿ ಬಂದಾಗ ಕೇಳುವ ಪ್ರಶ್ನೆ ಏನೇನು ನೋಡಿದಿರಿ ಎಂಬಲ್ಲಿಗೆ ನಿಲ್ಲಬಾರದು. ಅಲ್ಲಿಯವರು ತಮ್ಮನ್ನು ಹೇಗೆ ಕಂಡರು, ಕಂಡದ್ದರಲ್ಲಿ ಮನೆಗೆ ತರತಕ್ಕದ್ದು ಯಾವುದು ಎಂದೂ ಕೇಳಬೇಕು. ಉತ್ತರವನ್ನು ಕೊನೆಯವರೆಗೂ ಆಲಿಸಬೇಕು. ಬರೆದಿಟ್ಟುದನ್ನು ಯಾರೂ ಸುಡದಂತೆ ಕಾಯಬೇಕು. ಮಾಂಟೆಗುವಿನ ರಾಯಭಾರವು ತಾರದ ಸಂಧಿಯನ್ನು ಲೋಕವು ಮರೆತಿದೆ. ಆಕ್ರೋಟಿನ ಚಿಪ್ಪಿನಲ್ಲಿ ಮುದುಕಿಯು ತಂದುದನ್ನು ನೋಡಿ ನಿಂತವಳನ್ನು ಮರೆತಿಲ್ಲ.